ಮಕ್ಕಳಲ್ಲಿ ತೀವ್ರ ಮನೋರೋಗದ ಲಕ್ಷಣಗಳು

ರಾಗಿ ಪೈರಿಗೆ ಬೆಂಕಿ ರೋಗ ತಗುಲಿದರೆ ಹೊಣಕೆರೆ ಹೋಬಳಿಯ ರೈತ ಬಾಂಧವರು ಅದೇ ವಾರ ಔಷಧಿ ವಿಚಾರಿಸುತ್ತಾರೆ. ಮಗನ ನಡತೆ ಬದಲಾದಾಗ ಮಾತ್ರ ‘ವಯಸ್ಸಿನ ದೋಷ’ ಎಂದು ವರ್ಷಗಟ್ಟಲೆ ಬಿಡುವುದುಂಟು. ಮನೋರೋಗಗಳಲ್ಲಿ ಸುಮಾರು ಅರ್ಧದಷ್ಟು 14 ವರ್ಷದೊಳಗೇ ಆರಂಭವಾಗುತ್ತವೆ.

ಮೊದಲು ಗಮನಿಸಬೇಕಾದದ್ದು ಬದಲಾವಣೆ. ಹುಟ್ಟಿನಿಂದ ಮಿತಭಾಷಿಯಾದ ಹುಡುಗಿ ಸುಮ್ಮನಿದ್ದರೆ ಚಿಂತೆಯಿಲ್ಲ. ಚೂಟಿಯಾಗಿದ್ದವಳು ಎರಡು ವಾರಕ್ಕೂ ಮಿಕ್ಕಿ ಮೂಲೆ ಹಿಡಿದರೆ, ಊಟ ನಿದ್ದೆ ಬಿಟ್ಟರೆ, ಓದಿನಲ್ಲಿ ಹಿಂದೆ ಬಿದ್ದರೆ ವೈದ್ಯರಿಗೆ ತೋರಿಸಬೇಕು. ಚಿಕ್ಕ ಮಕ್ಕಳಲ್ಲಿ ಖಿನ್ನತೆಯು ಅಳುವಿಗಿಂತ ಸಿಡುಕಾಗಿ, ಪದೇ ಪದೇ ಹೊಟ್ಟೆನೋವಾಗಿ ಕಾಣುವುದೇ ಹೆಚ್ಚು. ನಾಲ್ಕು ವರ್ಷದ ಮಗು ಗೊಂಬೆಯೊಡನೆ ಮಾತಾಡುವುದು ಆಟ. ಹದಿನಾರರ ಹುಡುಗ ಯಾರೋ ಕರೆದಂತೆ ಉತ್ತರಿಸುವುದು, ಅನ್ನಕ್ಕೆ ವಿಷ ಹಾಕಿದ್ದಾರೆಂದು ತಾಯಿಯನ್ನೇ ಶಂಕಿಸುವುದು, ಸ್ನಾನ ಬಟ್ಟೆಯ ಪರಿವೆ ತಪ್ಪುವುದು ಸ್ಕಿಜೋಫ್ರೀನಿಯದಂತಹ ತೀವ್ರ ರೋಗದ ಸೂಚನೆಗಳು. ಇದಕ್ಕೆ ‘ಗಾಳಿ ಸೋಕಿದೆ’ ಎನ್ನುವವರಿದ್ದಾರೆ. ಹರಕೆ ಹೊರುವುದಾದರೆ ಹೊರಲಿ, ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

ಜ್ವರ, ವಾಂತಿಯೊಡನೆ ಅಸಂಬದ್ಧ ಮಾತು ಅಥವಾ ಫಿಟ್ಸ್ ಬಂದರೆ ಅದು ಮಿದುಳು ಜ್ವರವಿರಬಹುದು. ಗದ್ದೆ ನೀರಿನ ಸೊಳ್ಳೆಗಳಿಂದ ಹರಡುವ ಇದು ಮಂಡ್ಯ ಜಿಲ್ಲೆಗೆ ಹೊಸದಲ್ಲ. ಅಂದೇ ಆಸ್ಪತ್ರೆಗೆ ಸೇರಿಸತಕ್ಕದ್ದು.

ನಮ್ಮದು ಬೇಸಾಯ ಶಾಸ್ತ್ರ, ವೈದ್ಯಶಾಸ್ತ್ರವಲ್ಲ. ಆದರೆ ಕೀಟನಾಶಕದ ಡಬ್ಬಿ ಎಲ್ಲಿರಬೇಕೆಂದು ಹೇಳುವುದು ನಮ್ಮ ಕೆಲಸವೇ. ಹಳ್ಳಿಯಲ್ಲಿ ಸಾಯುವ ಮನಸ್ಸಾದವರ ಕೈಗೆ ಮೊದಲು ಸಿಗುವುದು ಅದು. ‘ನಾನಿದ್ದೇನು ಪ್ರಯೋಜನ’ ಎಂದು ಮಗು ಹೇಳಿದ ದಿನವೇ ಔಷಧಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಕೀಲಿ ಹಿರಿಯರೊಬ್ಬರಲ್ಲಿರಲಿ. ಉಳಿಕೆಯನ್ನು ಅಟ್ಟದ ಮೇಲಿಡಬಾರದು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇಂತಹ ರೋಗಿಗಳನ್ನು ಬೆಂಗಳೂರಿಗೆ ಒಯ್ಯದೆ ಊರ ಸಮೀಪದಲ್ಲೇ ನೋಡಬಹುದೆಂದು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಾಗಮಂಗಲದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು, ಬಿ.ಜಿ. ನಗರ ಮತ್ತು ಮಂಡ್ಯದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ನಿದ್ದೆ ಎಂದಿನಿಂದ ಕೆಟ್ಟಿತು, ಶಾಲೆ ಎಂದು ಬಿಟ್ಟಿತು ಎಂಬುದನ್ನು ಬರೆದುಕೊಂಡು ಹೋಗಿರಿ. ಮಗು ಗೆಲುವಾಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.