ಬಾಟಲಿಯಲ್ಲಿ ಕೈಮುಗಿಯೋ ಹುಳ ಸಾಕಿ ನೋಡಿದೆ

ಈ ವರ್ಷ ತೊಗರಿ ಬಡಿದ ಮೇಲೆ ಕಟ್ಟಿಗೆಯನ್ನು ಒಲೆಗೆಂದು ಹಿತ್ತಲಲ್ಲಿ ಒಟ್ಟಿದ್ದೆ. ಒಂದು ಕಡ್ಡಿಗೆ ಒಣಗಿದ ನೊರೆಯಂಥ ಕಂದು ಗಂಟು ಅಂಟಿತ್ತು. ಇಂಥವನ್ನು ಎಷ್ಟೋ ವರ್ಷ ಕಡ್ಡಿ ಸಮೇತ ಒಲೆಗೆ ಹಾಕಿದವನು ನಾನು. ಅದು ಪ್ರೇಯಿಂಗ್ ಮ್ಯಾಂಟಿಸ್‌ನ ಮೊಟ್ಟೆಗೂಡು ಅಂತ ಗೊತ್ತಾದದ್ದು ಈ 54ನೇ ವಯಸ್ಸಲ್ಲಿ, ಕೃಷಿ ಮೇಳದಲ್ಲಿ ಕೊಟ್ಟ ಒಂದು ಚಿತ್ರಪಟದಿಂದ. ಮುಂಗಾಲು ಮಡಚಿ ಕೈಮುಗಿದಂತೆ ಕೂರುತ್ತಲ್ಲ, ಆ ಹುಳ. ಸೂರ್ಯನ ಕುದುರೆ ಅಂತಲೂ ಅಂತಾರೆ, ಆದರೆ ಮಿಡತೆಗೂ ಆ ಹೆಸರು ಹೇಳೋರಿದ್ದಾರೆ.

ಕಡ್ಡಿ ಮುರಿದು ಹಾರ್ಲಿಕ್ಸ್ ಬಾಟಲಿಯಲ್ಲಿಟ್ಟು, ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿದೆ. ಮೂರು ವಾರ ಏನೂ ಇಲ್ಲ. ಒಂದು ಬೆಳಿಗ್ಗೆ ಮೊಮ್ಮಗಳು 'ತಾತಾ, ಇರುವೆ ತುಂಬಿವೆ' ಅಂತ ಕೂಗಿದಳು. ಇರುವೆಯಲ್ಲ, ಮರಿಗಳು, ನಲವತ್ತರ ಆಸುಪಾಸು. ಸಂಜೆಯೊಳಗೆ ಒಂದನ್ನೊಂದು ತಿನ್ನೋಕೆ ಶುರು ಮಾಡಿದವು. ಎಂಟನ್ನು ಬೇರೆ ಬೇರೆ ಬಾಟಲಿಗೆ ಹಾಕಿ ಉಳಿದವನ್ನು ಬೇಲಿ ಗಿಡಕ್ಕೆ ಬಿಟ್ಟೆ. ಒಂದು ಬಾಟಲಿಗೆ ಒಂದೇ ಹುಳ. ಇದರಲ್ಲಿ ರಾಜಿ ಇಲ್ಲ.

ಮೇವಿಗೆ ಕಷ್ಟವಿಲ್ಲ. ಕೊಳೆತ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ ಹಿಡಿದು ಬಿಟ್ಟರಾಯ್ತು. ಅಲುಗಾಡದ ಹುಳವನ್ನು ಅದು ಮೂಸಿಯೂ ನೋಡಲ್ಲ. ನೀರನ್ನು ಬಟ್ಟಲಲ್ಲಿ ಇಡಬೇಡಿ, ಗಾಜಿಗೆ ಚಿಮುಕಿಸಿ. ಹನಿಗೆ ಬಾಯಿಟ್ಟು ಕುಡಿಯುತ್ತೆ. ಹಗಲು ಹಸಿರಾಗಿದ್ದ ಕಣ್ಣು ರಾತ್ರಿ ಕಪ್ಪಾಗುತ್ತೆ. ರೋಗವೆಂದು ಹೆದರಿದ್ದೆ, ಅದು ಅದರ ಸ್ವಭಾವ.

ಕಷ್ಟ ಇರೋದು ಪೊರೆ ಬಿಡುವಾಗ. ನನ್ನದು ಸಣ್ಣ ಜಾತಿ, ಬೆಳೆದಾಗಲೂ ಒಂದೂವರೆ ಇಂಚು. ಅಷ್ಟಾಗೋಕೆ ಆರೇಳು ಸಲ ಪೊರೆ ಬಿಟ್ಟಿತು. ಆಗ ತಲೆಕೆಳಗಾಗಿ ನೇತಾಡಿ ಹಳೇ ಚರ್ಮದಿಂದ ಜಾರಿ ಇಳಿಯಬೇಕು. ಅದಕ್ಕೆ ಅದರ ಉದ್ದದ ಮೂರು ಪಟ್ಟಾದರೂ ಕೆಳಗೆ ಜಾಗ ಬೇಕು, ಹಿಡಿಯೋಕೆ ಒರಟು ಕಡ್ಡಿ ಅಥವಾ ಬಟ್ಟೆ ಬೇಕು. ಒಂದೆರಡು ದಿನ ಮೊದಲೇ ಮೇವು ಬಿಡುತ್ತೆ. ಆಗ ಒಳಗಿರುವ ನೊಣ ತೆಗೆದುಬಿಡಿ, ಬಾಟಲಿ ಅಲುಗಿಸಬೇಡಿ. ಮಾರ್ಚಿಯ ಒಣ ಬಿಸಿಲಲ್ಲಿ ಮೂರು ದಿನ ನೀರು ಚಿಮುಕಿಸೋದು ಮರೆತೆ. ಎರಡು ಮರಿ ಪೊರೆಯಲ್ಲೇ ಕಾಲು ಸಿಕ್ಕಿ ಸತ್ತವು.

ಇನ್ನೆರಡು ಸತ್ತದ್ದು ನನ್ನ ಕೈಯಿಂದಲೇ. ಹಸುವಿಗೆ ಉಣುಗಿನ ಔಷಧಿ ಹೊಡೆದಿದ್ದೆ. ಮಾರನೇ ದಿನ ಕೊಟ್ಟಿಗೆಯಲ್ಲೇ ನೊಣ ಹಿಡಿದು ಹಾಕಿದೆ. ನೊಣ ಸ್ವಲ್ಪ ಮಂಕಾಗಿತ್ತು ಅಷ್ಟೆ, ಹಾರುತ್ತಲೇ ಇತ್ತು. ತಿಂದ ಹುಳಗಳ ಕಾಲು ನಡುಗಿ, ಬೆಳಗಾಗುವಷ್ಟರಲ್ಲಿ ಮಗುಚಿ ಬಿದ್ದಿದ್ದವು. ತೊಗರಿಗೆ ಔಷಧಿ ಹೊಡೆದಾಗೆಲ್ಲ ಸತ್ತ ಕಾಯಿಕೊರಕವನ್ನಷ್ಟೇ ನಾನು ಲೆಕ್ಕ ಹಿಡಿಯುತ್ತಿದ್ದೆ. ಅರೆಜೀವ ಹುಳ ತಿಂದು ಹೊಲದಲ್ಲಿ ಇವು ಎಷ್ಟು ಸತ್ತವೋ, ಯಾರು ನೋಡಿದ್ದಾರೆ? ಈಗ ಗಿಡ ಅಲುಗಿಸಿ, ಬಿದ್ದ ಹುಳ ಎಣಿಸಿ ನೋಡದೆ ಪಂಪು ಹೊರುವುದಿಲ್ಲ.

ಹಾಗಂತ ಇದನ್ನು ಬಿಟ್ಟರೆ ಔಷಧಿಯೇ ಬೇಡ ಅಂತ ನಾನು ಹೇಳಲ್ಲ. ಇದಕ್ಕೆ ನಮ್ಮ ಮಿತ್ರ ಯಾರು, ಶತ್ರು ಯಾರು ಗೊತ್ತಿಲ್ಲ. ಜೇನ್ನೊಣ ಸಿಕ್ಕರೂ ಹಿಡಿದು ತಿನ್ನುತ್ತೆ. ಪಕ್ಕದ ಹೊಲದವರು 'ಕೋಳಿ ಸಾಕೋ ವಯಸ್ಸಲ್ಲಿ ಹುಳ ಸಾಕ್ತಾನೆ' ಅಂತ ನಕ್ಕರು. ಅವರ ಕೋಳಿಯೇ ಒಂದನ್ನು ನುಂಗಿತು, ಮೊಮ್ಮಗಳು ಬಟ್ಟೆ ಬಿಚ್ಚಿಟ್ಟಿದ್ದಳು.

ಮೇ ಕೊನೆಗೆ ಮೂರಕ್ಕೆ ರೆಕ್ಕೆ ಬಂತು. ಹೊಟ್ಟೆ ಕೆಳಗೆ ಆರು ಪಟ್ಟಿ ಇದ್ದರೆ ಹೆಣ್ಣು, ಎಂಟಿದ್ದರೆ ಗಂಡು. ನನ್ನಲ್ಲಿ ಎರಡು ಹೆಣ್ಣು, ಒಂದು ಗಂಡು. ಒಂದು ಹೆಣ್ಣನ್ನು ಮೊದಲೇ ಬೇಲಿಗೆ ಬಿಟ್ಟೆ. ಇನ್ನೊಂದಕ್ಕೆ ಹೊಟ್ಟೆ ತುಂಬ ಮೇವು ಹಾಕಿ ಗಂಡನ್ನು ಬಿಟ್ಟೆ. ಕೂಡಿದವು. ರಾತ್ರಿ ಬೇರೆ ಮಾಡೋಕೆ ಸೋಮಾರಿತನ ಮಾಡಿದೆ, ಬೆಳಿಗ್ಗೆ ಗಂಡಿನ ರೆಕ್ಕೆ ಮಾತ್ರ ಉಳಿದಿತ್ತು.

ಹತ್ತು ದಿನದ ಮೇಲೆ ಹೆಣ್ಣು ಸೊಳ್ಳೆಪರದೆಗೇ ನೊರೆ ಮೆತ್ತಿ ಮೊಟ್ಟೆಯಿಟ್ಟಿತು. ಆ ಬಟ್ಟೆ ತುಂಡನ್ನು ಬೇಲಿಯ ಲಂಟಾನ ಗಿಡಕ್ಕೆ ಕಟ್ಟಿದ್ದೇನೆ. ಇವತ್ತಿಗೆ 18 ದಿನ. ಕೆಲವು ಗೂಡಿನಿಂದ ಮರಿಗೆ ಬದಲು ಪುಟ್ಟ ಕಣಜಗಳು ಹೊರಬರೋದೂ ಉಂಟು, ಹಾಗಾಗಿ ದಿನಾ ಹೋಗಿ ನೋಡ್ತಾ ಇದ್ದೇನೆ.