ಹರಳಿಗೆ ಹೆಸರಿಡುವ ಮುನ್ನ

ಷಿಫ್ ಬೇಸ್ ಮೇಲೆ ಪಿಎಚ್‌ಡಿ ಮಾಡ್ತೀನಿ ಅಂದೆಯಲ್ಲಮ್ಮಾ, ಸಂತೋಷ. ‘ಅದರಲ್ಲಿ ಇನ್ನೇನು ಉಳಿದಿದೆ’ ಅಂತ ಯಾರೋ ನಿನ್ನನ್ನು ಹೆದರಿಸಿದ್ದಾರಂತೆ. ಅವರ ಮಾತು ಅರ್ಧ ನಿಜ. ಅಮೈನು, ಆಲ್ಡಿಹೈಡು ಕೂಡಿ ನೀರು ಕಳೆದುಕೊಳ್ಳುವ ಈ ಕ್ರಿಯೆಯನ್ನು ಹ್ಯೂಗೋ ಷಿಫ್ 1864ರಲ್ಲೇ ತೋರಿಸಿದ. ಎರಡು ಪಾಲು ಸ್ಯಾಲಿಸಿಲಾಲ್ಡಿಹೈಡಿಗೆ ಒಂದು ಪಾಲು ಎಥಿಲೀನ್‌ಡೈಅಮೈನು ಹಾಕಿ ಬಿಸಿ ಎಥನಾಲಿನಲ್ಲಿ ಕಲಕಿದರೆ ಸ್ವಲ್ಪ ಹೊತ್ತಿಗೇ ಹಳದಿ ಸ್ಯಾಲೆನ್ ತಳಕ್ಕಿಳಿಯುತ್ತದೆ. ಅದಕ್ಕೆ ನಿಕಲ್ ಕೊಟ್ಟರೆ ಕಿತ್ತಳೆ, ತಾಮ್ರ ಕೊಟ್ಟರೆ ಹಸಿರು. ಮಾಡುವುದು ಇಷ್ಟು ಸುಲಭ. ಮಾಡಿದ್ದು ಏನು ಅಂತ ಸಾಧಿಸಿ ತೋರಿಸುವುದು ಕಷ್ಟ, ನಿನ್ನ ಪಿಎಚ್‌ಡಿ ಇರುವುದು ಅಲ್ಲಿ.

ಬಣ್ಣ ಬದಲಾದ ಕೂಡಲೇ ಸಂಕೀರ್ಣ ಆಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಬೇಡ. ಐಆರ್ ತೆಗೆದು 1630 ಸೆಂ.ಮೀ⁻¹ ಆಸುಪಾಸಿನ ಇಮೈನ್ ಪಟ್ಟಿ ಸರಿದಿದೆಯಾ ನೋಡು. ಆಮೇಲೂ ಮೂಲವಸ್ತು ವಿಶ್ಲೇಷಣೆ, ಕಾಂತೀಯ ಅಳತೆ ಎರಡೂ ಒಂದೇ ಮಾತು ಹೇಳಬೇಕು. ಆಮ್ಲ, ನೀರು ಜೊತೆಗಿದ್ದರೆ ಇಮೈನ್ ಮತ್ತೆ ಆಲ್ಡಿಹೈಡಿಗೆ ಒಡೆಯಬಲ್ಲದು ಎಂಬುದೂ ನೆನಪಿರಲಿ.

ಇನ್ನು ಕೋಕ್ರಿಸ್ಟಲ್, ಅಂದರೆ ಈ ಸಂಕೀರ್ಣವೂ ಆಮ್ಲದಂಥ ಇನ್ನೊಂದು ಅಣುವೂ ಜೊತೆಗೂಡಿ ಕಟ್ಟುವ ಹರಳು. ಕೆಲಸದ ಸ್ವಾರಸ್ಯವೆಲ್ಲ ಇಲ್ಲಿದೆ. ಸ್ಯಾಲೆನ್ ಸಂಕೀರ್ಣದಲ್ಲಿ ಎರಡು ಆಮ್ಲಜನಕಗಳು ಒಂದೇ ಮಗ್ಗುಲಿಗಿರುತ್ತವೆ. ಲೋಹಕ್ಕೆ ಅಂಟಿಕೊಂಡಿದ್ದರೂ ಹೊರಗಿನ ಒಂದು ಹೈಡ್ರೋಜನ್ನನ್ನು ಬರಮಾಡಿಕೊಳ್ಳುವ ಶಕ್ತಿ ಅವಕ್ಕಿನ್ನೂ ಇರುತ್ತದೆ. ಹೈಡ್ರಾಕ್ಸಿಯ ಪಕ್ಕದಲ್ಲೇ ಮೀಥಾಕ್ಸಿ ಅಥವಾ ಎಥಾಕ್ಸಿ ಗುಂಪಿರುವ ಆಲ್ಡಿಹೈಡಿನಿಂದ ಹೊರಟರೆ ಆಮ್ಲಜನಕ ನಾಲ್ಕಾಗುತ್ತವೆ, ಆ ಗೂಡಿನಲ್ಲಿ ಒಂದು ನೀರಿನ ಅಣುವೇ ಕೂತುಬಿಡುತ್ತದೆ. ಯಾವ ಗುಂಪು ಯಾವುದನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ಲೆಕ್ಕ ತಿಳಿಯಬೇಕಾದರೆ ಗೌತಮ ದೇಸಿರಾಜು 1995ರಲ್ಲಿ ಸುಪ್ರಾಮಾಲಿಕ್ಯುಲರ್ ಸಿಂಥಾನ್ ಬಗ್ಗೆ ಬರೆದ ಲೇಖನ ಓದು. ಆಗ ಹೈದರಾಬಾದಿನಲ್ಲಿದ್ದರು, ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಓದಿದ ಮೇಲೆ ಸಿಕ್ಕಿದ ಆಮ್ಲವನ್ನೆಲ್ಲ ಸುರಿದು ನೋಡುವ ಚಾಳಿ ತಾನಾಗಿ ಬಿಡುತ್ತದೆ.

ಹರಳು ಬಂತು ಅಂದುಕೋ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡ. ಒಳಗೆ ಸೇರಿಕೊಂಡದ್ದು ಬರೀ ದ್ರಾವಕವಾದರೆ ಅದು ಸಾಲ್ವೇಟ್. ಆಮ್ಲದ ಪ್ರೋಟಾನ್ ಪಕ್ಕದ ಅಣುವಿಗೆ ಜಿಗಿದಿದ್ದರೆ ಅದು ಲವಣ. ಎರಡೂ ತಟಸ್ಥ ಅಣುಗಳಾಗಿ ಉಳಿದಿದ್ದರೆ ಮಾತ್ರ ಕೋಕ್ರಿಸ್ಟಲ್ ಅನ್ನು. ಎಕ್ಸ್-ರೇ ಕಣ್ಣಿಗೆ ಹೈಡ್ರೋಜನ್ ಮಬ್ಬು, ಅದಕ್ಕೇ ಆಮ್ಲದ ಕಾರ್ಬಾಕ್ಸಿಲ್ ಗುಂಪಿನ ಎರಡು ಇಂಗಾಲ-ಆಮ್ಲಜನಕ ದೂರಗಳನ್ನು ಕೇಳು. ಒಂದು 1.21, ಇನ್ನೊಂದು 1.31 ಆಂಗ್‌ಸ್ಟ್ರಾಮಿನ ಹತ್ತಿರವಿದ್ದರೆ ಪ್ರೋಟಾನ್ ಮನೆಯಲ್ಲೇ ಇದೆ. ಎರಡೂ 1.25ರ ಸಮೀಪಕ್ಕೆ ಬಂದಿದ್ದರೆ ಹೊರಟುಹೋಗಿದೆ.

ಬೀಕರಿನಲ್ಲಿ ಚೆಂದದ ಒಂದು ಹರಳನ್ನು ಆರಿಸಿ ರಚನೆ ಬಿಡಿಸಿದೆ ಅಂದ ಮಾತ್ರಕ್ಕೆ ಉಳಿದ ಪುಡಿಯೆಲ್ಲ ಅದೇ ಆಗಿರಬೇಕೆಂದಿಲ್ಲ. ಪುಡಿಯ ಎಕ್ಸ್-ರೇ ನಮೂನೆ ತೆಗೆದು, ರಚನೆಯಿಂದ ಲೆಕ್ಕ ಹಾಕಿದ ನಮೂನೆಯ ಪಕ್ಕ ಇಟ್ಟು ನೋಡು. ಖಲ್ಲಿನಲ್ಲಿ ಅರೆದು ಮಾಡಿದ್ದಾದರೂ ಅಷ್ಟೆ: ಎರಡು ಹಳೆಯ ನಮೂನೆ ಕೂಡಿಸಿದಂತೆ ಕಂಡರೆ ನಿನ್ನ ಕೈಯಲ್ಲಿರುವುದು ಬರೀ ಮಿಶ್ರಣ. ದ್ರಾವಣದಿಂದ ತೆಗೆದ ಹರಳು ಮಂಕಾಗತೊಡಗಿದರೆ ದ್ರಾವಕ ಹಾರುತ್ತಿದೆ ಅಂತ ಅರ್ಥ. ತಕ್ಷಣ ಎಣ್ಣೆಯಲ್ಲಿ ಮುಳುಗಿಸಿ ತಣ್ಣಗೆ ಡಿಫ್ರಾಕ್ಟೋಮೀಟರಿಗೆ ಒಯ್ಯಿ.

ಒಂದು ಕಟ್ಟುನಿಟ್ಟಿನ ಮಾತು. ಲೋಹದ ಪರ್‌ಕ್ಲೋರೇಟ್ ಬಳಸಿದರೆ ಹರಳು ಚೆನ್ನಾಗಿ ಬರುತ್ತದೆ ಅಂತ ಆಸೆ ತೋರಿಸುವವರಿದ್ದಾರೆ. ಆ ಒಣ ಪುಡಿ ಕೆರೆದರೆ, ಕಾಯಿಸಿದರೆ ಸಿಡಿಯಬಹುದು. ಬೇರೆ ಲವಣ ನಡೆಯುವಂತಿದ್ದರೆ ಅದನ್ನೇ ಹಿಡಿ. ನಡೆಯದಿದ್ದರೆ ಚಿಟಿಕೆಯಷ್ಟೇ ಮಾಡು, ಒಬ್ಬಳೇ ಇದ್ದಾಗ ಮುಟ್ಟಬೇಡ.

ಕೊನೆಗೆ ಎಲ್ಲರೂ ಬ್ಯಾಕ್ಟೀರಿಯಾ ಪರೀಕ್ಷೆ ಸೇರಿಸು ಅನ್ನುತ್ತಾರೆ, ಸೇರಿಸು. ಜೊತೆಗೆ ಬರೀ ಲಿಗ್ಯಾಂಡು, ಬರೀ ಲೋಹದ ಲವಣ, ಬರೀ ದ್ರಾವಕ ಮೂರನ್ನೂ ಹಚ್ಚು. ಕೋಕ್ರಿಸ್ಟಲ್ ಕರಗಿದ ಮೇಲೆ ಕೋಕ್ರಿಸ್ಟಲ್ ಆಗಿ ಉಳಿಯುವುದಿಲ್ಲ ಎಂಬುದನ್ನು ಮರೆತು ದೊಡ್ಡ ಮಾತು ಬರೆಯಬೇಡ.

‘ಪೇಪರ್ ಯಾವಾಗ?’ ಅಂತ ಗೈಡ್ ಅವಸರಪಡಿಸಿದರೆ, ‘ಪುಡಿಯ ನಮೂನೆ ಇನ್ನೂ ತಾಳೆಯಾಗಿಲ್ಲ ಸಾರ್’ ಅಂತ ಧೈರ್ಯವಾಗಿ ಹೇಳು. ಒಳ್ಳೆಯ ಗೈಡ್ ಆದರೆ ಆ ಮಾತಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೂ ತಾಳೆ ನೋಡಿಯೇ ಬರಿ.