ಮೂತ್ರಪಿಂಡದ ಗುಳ್ಳೆ, ಅಂಡಾಶಯದ ಗುಳ್ಳೆ

ಬಾಳೆಹೊಸೂರ ಹಾಗೂ ಸುತ್ತಲಿನ ಒಕ್ಕಲು ಬಂಧುಗಳೇ, ಸ್ಕ್ಯಾನಿನ ಚೀಟಿಯಲ್ಲಿ ‘ಪಾಲಿಸಿಸ್ಟಿಕ್’ ಎಂದಿದ್ದರೆ ಯಾವ ಅಂಗದ್ದೆಂದು ಮೊದಲು ಕೇಳಿರಿ. ಹೆಸರು ಒಂದೇ, ರೋಗ ಎರಡು.

ಮೂತ್ರಪಿಂಡದ್ದು ಹೆಚ್ಚಾಗಿ ವಂಶದಿಂದ ಬರುವುದು. ತಂದೆಗಾಗಲಿ ತಾಯಿಗಾಗಲಿ ಇದ್ದರೆ, ಗಂಡಿರಲಿ ಹೆಣ್ಣಿರಲಿ, ಪ್ರತಿ ಮಗುವಿಗೂ ಬರುವ ಸಂಭವ 100ಕ್ಕೆ 50. ನೀರು ತುಂಬಿದ ಗುಳ್ಳೆಗಳು ವರ್ಷವರ್ಷವೂ ಬೆಳೆದು ಒಳ್ಳೆಯ ಭಾಗವನ್ನು ಒತ್ತಿಬಿಡುತ್ತವೆ. 30-40ರ ವಯಸ್ಸಿನವರೆಗೆ ಬಹುಮಂದಿಗೆ ಸುಳಿವೇ ಇರದು. ಬಳಿಕ ರಕ್ತದೊತ್ತಡ, ಪಕ್ಕೆನೋವು, ಕೆಂಪು ಮೂತ್ರ. ಸುಗ್ಗಿಯಲ್ಲಿ ಸೊಂಟ ನೋಯಿತೆಂದು ಅಂಗಡಿಯ ನೋವಿನ ಗುಳಿಗೆ ನುಂಗುವ ರೂಢಿ ಇಂಥವರಿಗೆ ಬಲು ಕೇಡು. ಗುಳ್ಳೆಗಳನ್ನು ಕರಗಿಸುವ ಔಷಧವಿಲ್ಲ. ಬೇರಿನ ಕಷಾಯವೂ ಕರಗಿಸದು. ಒತ್ತಡವನ್ನು ಹತೋಟಿಯಲ್ಲಿಟ್ಟು ಉಪ್ಪು ಕಡಿಮೆ ಮಾಡಿದರೆ ಪಿಂಡ ಹೆಚ್ಚು ಕಾಲ ಬಾಳೀತು. ಪೂರ್ತಿ ಸೋತರೆ ಡಯಾಲಿಸಿಸ್, ಇಲ್ಲವೆ ಕಸಿ. ಪಿಂಡ ಕೊಡಬಂದ ಒಡಹುಟ್ಟಿದವರಲ್ಲಿ ಇದೇ ರೋಗವಿಲ್ಲವೆಂಬುದು ಮೊದಲು ಖಚಿತವಾಗಬೇಕು.

ಅಂಡಾಶಯದವು ನಿಜವಾದ ಗುಳ್ಳೆಗಳೇ ಅಲ್ಲ, ಬಲಿಯದೆ ನಿಂತ ಅಂಡಕೋಶಗಳು. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತದೆ, ಮುಖದಲ್ಲಿ ಕೂದಲು ಮೂಡುತ್ತದೆ, ಮುಂದೆ ಸಕ್ಕರೆ ಕಾಯಿಲೆಯ ಭಯವೂ ಉಂಟು. ಮೈ ಬಂದವರು ತೂಕದಲ್ಲಿ 100ಕ್ಕೆ 5-10 ಪಾಲು ಇಳಿಸಿದರೂ ಮುಟ್ಟು ಹಾದಿಗೆ ಬರುವುದುಂಟು. ಗರ್ಭ ನಿಲ್ಲಲು ವೈದ್ಯರು ಲೆಟ್ರೊಜೋಲ್ ಗುಳಿಗೆ ಕೊಡುತ್ತಾರೆ, ಅನೇಕರು ತಾಯಂದಿರಾಗಿದ್ದಾರೆ. ಸೊಸೆಯನ್ನು ಬಂಜೆಯೆಂದು ತವರಿಗೆ ಅಟ್ಟುವವರು ಇದನ್ನು ತಿಳಿಯಲಿ. ಪರೀಕ್ಷೆಗೆ ಮಗನೂ ಜೊತೆಗೆ ಹೋಗಬೇಕು.

ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ.